ಮೂಳೆ, ಕೀಲು, ಮಾಂಸಖಂಡ: ಮಸಾಜ್ ಕಲಿಯೋರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಸಾಜ್ ಥೆರಪಿ ಕೋರ್ಸಿಗೆ ಸೇರಿರೋ ಹುಡುಗ ಹುಡುಗೀರದ್ದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಿಂದ ಬಂದಿವೆ, ಹಾಗಾಗಿ ಪುಟ ಪೂರ್ತಿ ಅವರಿಗೇ ಬಿಟ್ಟಿದೀನಿ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಯಾರ ಹೆಸರೂ ಹಾಕಿಲ್ಲ. ಮನೇಲಿ ಅಪ್ಪ ಅಮ್ಮನ ಕೈಕಾಲು ಒತ್ತೋರೂ ಓದಬಹುದು, ಕೈ ಕೆಳಗೆ ಏನಿದೆ ಅಂತ ಗೊತ್ತಿದ್ರೆ ಅವರಿಗೂ ಒಳ್ಳೇದೇ.

ಅಕ್ಕ, ನಾನು ಪಿಯುಸಿ ಆರ್ಟ್ಸ್ ಓದಿದೋಳು. ಈಗ ಮಸಾಜ್ ಕೋರ್ಸಲ್ಲಿ 206 ಮೂಳೆ ಹೆಸರು ಬಾಯಿಪಾಠ ಮಾಡಿ ಅಂದಿದಾರೆ, ರಾತ್ರಿ ಓದಿದ್ದು ಬೆಳಿಗ್ಗೆ ಇರಲ್ಲ. ಅದರ ಮೇಲೆ ನಮ್ಮೂರ ಪಂಡಿತರೊಬ್ಬರು 360 ಮೂಳೆ ಅಂತಾರೆ. ಯಾವುದು ಸರಿ, ಹೇಗೆ ಕಲೀಲಿ? – ವಿದ್ಯಾರ್ಥಿನಿ, ಗೌರಿಬಿದನೂರು

ಮೊದಲು ಲೆಕ್ಕ ಮುಗಿಸ್ಬಿಡೋಣ ತಂಗಿ. ದೊಡ್ಡೋರ ಮೈಯಲ್ಲಿ 206, ಪರೀಕ್ಷೇಲಿ ಅದನ್ನೇ ಬರಿ. ಚರಕರು 360 ಅಂದಿದಾರೆ, ಸುಶ್ರುತರು 300 ಅಂದಿದಾರೆ. ಅವರು ಹಲ್ಲನ್ನೂ ಮೂಳೆ ಲೆಕ್ಕಕ್ಕೆ ತಗೊಂಡಿದಾರೆ, ಚರಕರ ಲೆಕ್ಕದಲ್ಲಿ ಉಗುರೂ ಸೇರಿದೆ, ಮೂಗು ಕಿವೀಲಿರೋ ಮೆತ್ತನೆಯದನ್ನ ಸುಶ್ರುತರು ತರುಣ ಅಂತ ಒಂದು ಗುಂಪು ಮಾಡಿದಾರೆ, ಇವತ್ತು ನಾವು ಕಾರ್ಟಿಲೇಜ್ ಅನ್ನೋದು ಅದನ್ನೇ. ಎಣಿಸೋ ರೀತಿ ಬೇರೆ ಅಷ್ಟೆ, ಪಂಡಿತರ ಜೊತೆ ವಾದ ಬೇಡ. ಹುಟ್ಟಿದ ಮಗೂಗೆ ಹೆಚ್ಚುಕಮ್ಮಿ 270ರಿಂದ 300 ಇರುತ್ತೆ, ಬೆಳೀತಾ ಬೆಳೀತಾ ಕೂಡಿಕೊಂಡು 206 ಆಗುತ್ತೆ.

ಇನ್ನು ಬಾಯಿಪಾಠ. 206ರಲ್ಲಿ 106 ಮೂಳೆ ಬರೀ ಎರಡು ಕೈ ಎರಡು ಪಾದದಲ್ಲೇ ಇವೆ, ಒಂದೊಂದು ಕೈಯಲ್ಲಿ 27, ಒಂದೊಂದು ಪಾದದಲ್ಲಿ 26. ಅವುಗಳ ಹೆಸರು ನಿಧಾನಕ್ಕೆ ಬರಲಿ, ಅವಸರ ಇಲ್ಲ. ನಿಂಗೆ ಮೊದಲು ಬೇಕಾಗಿರೋದು ಚರ್ಮದ ಮೇಲಿಂದ ಬೆರಳಿಗೆ ಸಿಗೋ ಮೂಳೆಗಳು, ಅವನ್ನ ಹಿಡಿದ್ರೆ ಉಳಿದಿದ್ದು ಎಲ್ಲೆಲ್ಲಿದೆ ಅಂತ ತಾನಾಗಿ ಗೊತ್ತಾಗುತ್ತೆ. ಈಗ್ಲೇ ಮಾಡಿ ನೋಡು. ತಲೆ ಬಗ್ಗಿಸು, ಕತ್ತಿನ ಹಿಂದೆ ಬುಡದಲ್ಲಿ ಒಂದು ಉಬ್ಬು ಸಿಗುತ್ತೆ, ಬಹುತೇಕ ಜನಕ್ಕೆ ಅದು ಕತ್ತಿನ ಏಳನೇ ಮೂಳೆ, ಸಿ7. ಕೆಲವರಿಗೆ ಎರಡು ಉಬ್ಬು ಸಿಕ್ಕಿ ಯಾವುದು ಅಂತ ಅನುಮಾನ ಬರುತ್ತೆ, ಆಗ ಎರಡರ ಮೇಲೂ ಒಂದೊಂದು ಬೆರಳಿಟ್ಟು ತಲೆ ಹಿಂದಕ್ಕೆ ಎತ್ತಿಸು, ಮೇಲಿನ ಸಿ6 ಬೆರಳ ಕೆಳಗಿಂದ ಒಳಕ್ಕೆ ಜಾರಿ ಹೋಗುತ್ತೆ, ಸಿ7 ಅಲ್ಲೇ ಉಳಿಯುತ್ತೆ. ಇನ್ನು ಕೈ ಪಕ್ಕಕ್ಕೆ ಬಿಟ್ಟು ನಿಂತಾಗ ಹೆಗಲ ಹಿಂದಿನ ರೆಕ್ಕೆ ಮೂಳೆಯ ಕೆಳತುದಿ ಇರೋ ಮಟ್ಟಕ್ಕೆ ಎದೆಭಾಗದ ಏಳನೇ ಬೆನ್ನುಮೂಳೆ, ಸೊಂಟದ ಮೇಲೆ ಎರಡೂ ಕಡೆ ಕೈ ಇಟ್ಟರೆ ಸಿಗೋ ಏಣಿನ ಮಟ್ಟಕ್ಕೆ ಸೊಂಟದ ನಾಲ್ಕನೇದು, ಅದಕ್ಕೂ ಕೆಳಗೆ ಎರಡು ಗುಳಿ ಕಾಣುತ್ತಲ್ಲ ಅಲ್ಲಿ ಸೇಕ್ರಮ್‌ನ ಎರಡನೇ ಭಾಗ. ಈ ನಾಲ್ಕು ಗುರುತು ಸಿಕ್ಕಿದ್ರೆ ಬೆನ್ನು ಪೂರ್ತಿ ಎಣಿಸಬಹುದು: ಕತ್ತಲ್ಲಿ 7, ಎದೆ ಹಿಂದೆ 12, ಸೊಂಟದಲ್ಲಿ 5, ಆಮೇಲೆ 5 ಕೂಡಿ ಒಂದಾಗಿರೋ ಸೇಕ್ರಮ್, ಕೊನೇಲಿ ಬಾಲದ ಮೂಳೆ.

ಒಂದು ವಾರ ಅಮ್ಮಂದೋ ತಂಗೀದೋ ಬೆನ್ನ ಮೇಲೆ ಸ್ಕೆಚ್ ಪೆನ್ನಲ್ಲಿ ಗುರುತು ಹಾಕ್ತಾ ಹೋಗು. ಸಣ್ಣಗಿರೋರದ್ದೂ ದಪ್ಪಗಿರೋರದ್ದೂ ಎರಡೂ ಮುಟ್ಟು, ಯಾಕಂದ್ರೆ ಮೈ ಮೈಗೂ ಬೆರಳಿಗೆ ಸಿಗೋ ಆಳ ಬೇರೆ. ಹೀಗೆ ಕೈಯಿಂದ ಕಲಿತ ಹೆಸರು ಬೆಳಿಗ್ಗೆನೂ ಇರುತ್ತೆ.

ಟೆಂಡನ್, ಲಿಗಮೆಂಟ್, ಮಾಂಸಖಂಡ ಮೂರೂ ನಂಗೆ ಒಂದೇ ಥರ ಅನ್ಸುತ್ತೆ. ಕೈಗೆ ವ್ಯತ್ಯಾಸ ಗೊತ್ತಾಗುತ್ತಾ? – ತಿಪಟೂರಿನ ಹುಡುಗ, ಈಗ ಬೆಂಗಳೂರಲ್ಲಿ ಸ್ಪಾ ಕೆಲಸ

ಚೆನ್ನಾಗಿ ಗೊತ್ತಾಗುತ್ತೆ ಕಣಪ್ಪ. ಟೇಬಲ್ ಮುಂದೆ ಕೂತು ಅಂಗೈ ಮೇಲೆ ಮಾಡಿ ಟೇಬಲ್ಲನ್ನ ಕೆಳಗಿಂದ ಎತ್ತೋ ಥರ ಒತ್ತು, ಇನ್ನೊಂದು ಕೈ ಬೆರಳಲ್ಲಿ ಮೊಣಕೈ ಮಡಿಕೆ ಮುಟ್ಟು. ಹಗ್ಗದ ಹಾಗೆ ಬಿಗಿಯಾಗಿ ಒಂದು ಎದ್ದು ನಿಂತಿರುತ್ತೆ, ಅದು ಬೈಸೆಪ್ಸ್ ಟೆಂಡನ್. ಅದನ್ನೇ ಹಿಡಿದು ಮೇಲಕ್ಕೆ ಹೋದ್ರೆ ತೋಳಲ್ಲಿ ದಪ್ಪಗೆ ಮೆತ್ತಗೆ ಉಬ್ಬಿರೋದು ಮಾಂಸಖಂಡ, ಕೈ ಸಡಿಲ ಬಿಟ್ಟಾಗ ಅದು ಬೆರಳ ಕೆಳಗೆ ಅಲುಗಾಡುತ್ತೆ. ಮಾಂಸಖಂಡನ ಮೂಳೆಗೆ ಕಟ್ಟೋದು ಟೆಂಡನ್, ಮೂಳೆಗೆ ಮೂಳೆ ಕಟ್ಟೋದು ಲಿಗಮೆಂಟ್. ಲಿಗಮೆಂಟ್ ನೋಡಬೇಕಂದ್ರೆ ಕುರ್ಚಿ ಮೇಲೆ ಕೂತು ಒಂದು ಪಾದನ ಇನ್ನೊಂದು ತೊಡೆ ಮೇಲೆ ಇಟ್ಕೊ, ಮಂಡಿ ಹೊರಕ್ಕೆ ಬೀಳಲಿ, ಆಗ ಮಂಡಿಯ ಹೊರಪಕ್ಕದಲ್ಲಿ ಪೆನ್ಸಿಲ್ ದಪ್ಪ ಒಂದು ಗಟ್ಟಿ ಎಳೆ ಸಿಗುತ್ತೆ, ತೊಡೆಮೂಳೆಯಿಂದ ಫಿಬುಲಾ, ಅಂದ್ರೆ ಮಂಡಿ ಕೆಳಗೆ ಹೊರಪಕ್ಕದಲ್ಲಿರೋ ತೆಳು ಮೂಳೆಯ ತಲೆವರೆಗೂ ಹೋಗುತ್ತೆ.

ಈ ಎರಡು ಜಾಗಾನೇ ಯಾಕೆ ಹೇಳ್ದೆ ಅಂದ್ರೆ ಎರಡರ ಪಕ್ಕದಲ್ಲೂ ಜೋರಾಗಿ ಒತ್ತಬಾರದ ಜಾಗ ಇದೆ. ಮೊಣಕೈ ಮಡಿಕೇಲಿ ಆ ಬೈಸೆಪ್ಸ್ ಟೆಂಡನ್ನಿನ ಒಳಪಕ್ಕಕ್ಕೆ ಬೆರಳು ಸರಿಸಿದ್ರೆ ನಾಡಿ ಬಡಿಯೋದು ಸಿಗುತ್ತೆ, ಅದು ಬ್ರೇಕಿಯಲ್ ರಕ್ತನಾಳ, ಅದರ ಪಕ್ಕದಲ್ಲೇ ಮೀಡಿಯನ್ ನರ. ಮಂಡಿ ಹೊರಗಡೆ ಫಿಬುಲಾ ತಲೆಯ ಸ್ವಲ್ಪ ಕೆಳಗೆ ಮೂಳೆ ಸುತ್ಕೊಂಡು ಒಂದು ನರ ಹೋಗುತ್ತೆ, ಅದಕ್ಕೆ ಜಾಸ್ತಿ ಹೊತ್ತು ಒತ್ತಡ ಬಿದ್ರೆ ಪಾದ ಮೇಲಕ್ಕೆ ಎತ್ತೋಕಾಗದೇ ಎಳೀತಾ ನಡೆಯೋ ಹಾಗಾಗುತ್ತೆ. ಮೊಣಕೈ ಹಿಂದೆ ಒಳಪಕ್ಕ ತಗುಲಿದ್ರೆ ಕಿರುಬೆರಳ ತನಕ ಜುಮ್ ಅನ್ನುತ್ತಲ್ಲ ಅದು ಅಲ್ನಾರ್ ನರ, ಅಲ್ಲೂ ಹುಷಾರು.

ಇನ್ನೊಂದು ವಿಷಯ, ಮಾಂಸಖಂಡಕ್ಕೆ ಎಳೆಯೋಕೆ ಮಾತ್ರ ಬರುತ್ತೆ, ತಳ್ಳೋಕೆ ಬರಲ್ಲ. ಅದಕ್ಕೇ ಎಲ್ಲಾ ಕಡೆ ಜೋಡಿ ಇರೋದು, ಬೈಸೆಪ್ಸ್ ಕೈ ಮಡಚಿದ್ರೆ ಟ್ರೈಸೆಪ್ಸ್ ಚಾಚುತ್ತೆ. ಹಾಗಾಗಿ ಒಂದು ಕಡೆ ಬಿಗಿ ಅಂತ ಗಿರಾಕಿ ಹೇಳಿದ್ರೆ ಅದರ ಎದುರಿನದ್ದನ್ನೂ ಮುಟ್ಟಿ ನೋಡು. ರಕ್ತ ಓಡಾಟ ಮಾಂಸಖಂಡದಲ್ಲಿ ಜಾಸ್ತಿ, ಟೆಂಡನ್ ಲಿಗಮೆಂಟಲ್ಲಿ ಕಮ್ಮಿ, ಹಾಗಾಗಿ ಮಾಂಸಖಂಡ ಎಳೆದಿದ್ದು ಕೆಲವು ವಾರಕ್ಕೆ ವಾಸಿಯಾದ್ರೆ ಟೆಂಡನ್ ಪೆಟ್ಟು ತಿಂಗಳುಗಟ್ಟಲೆ ತಗೊಳ್ಳುತ್ತೆ. ಪಾದ ಉಳುಕಿ ಊದ್ಕೊಂಡು ಬಂದೋರಿಗೆ ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಾಕಿ ತಿಕ್ಕೋದು ಬೇಡವೇ ಬೇಡ, ಊತ ಜಾಸ್ತಿ ಆಗುತ್ತೆ. ನಾಲ್ಕು ಹೆಜ್ಜೆ ಇಡೋಕೂ ಆಗ್ತಿಲ್ಲ ಅಂದ್ರೆ ಎಕ್ಸ್‌ರೇ ಆಗೋ ತನಕ ಕೈ ಹಾಕಬೇಡ.

ನಮ್ಮ ತಂದೆ ಕೋಲಾರದ ಎಪಿಎಂಸೀಲಿ ಹಮಾಲಿ, ಟೊಮೆಟೊ ಸೀಸನ್ನಲ್ಲಿ ದಿನಾ ಬಾಕ್ಸ್ ಹೊತ್ತು ಹೊತ್ತು ಹೆಗಲು ಕತ್ತು ಹಿಡ್ಕೊಂಡಿದೆ, ಕೈ ಮೇಲೆತ್ತೋಕೆ ನೋವು. ನಾನು ಮಸಾಜ್ ಕಲೀತಿದೀನಿ. ಯಾವ ಮಾಂಸಖಂಡ, ಹೇಗೆ ಒತ್ತಬೇಕು? – ಕೋಲಾರ

ನಿಮ್ಮ ತಂದೆ ಕೆಲಸ ಎಂಥದ್ದು ಅಂತ ಗೊತ್ತು. ಒಂದು ಬಾಕ್ಸು 15 ಕೆಜಿ, ಅದನ್ನ ಬೆಳಗಿನ ಜಾವದಿಂದ ಇಳಿಸೋದು ಪೇರಿಸೋದು ಲಾರಿಗೆ ಏರಿಸೋದು, ಹೆಗಲಿಗೆ ಬಿಡುವೇ ಇರಲ್ಲ. ಹಾಗಾಗಿ ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಹೆಗಲ ಹಿಂದಿನ ತ್ರಿಕೋನದ ರೆಕ್ಕೆ ಮೂಳೆ, ಪುಸ್ತಕದಲ್ಲಿ ಸ್ಕ್ಯಾಪುಲಾ, ಬೆನ್ನುಮೂಳೆಗಾಗಲಿ ಪಕ್ಕೆಲುಬಿಗಾಗಲಿ ಮೂಳೆಯಾಗಿ ಸೇರಿಕೊಂಡಿಲ್ಲ. ಇಡೀ ತೋಳು ಮುಂಡಕ್ಕೆ ಮೂಳೆ ಕೀಲಿನಿಂದ ಸೇರೋದು ಒಂದೇ ಕಡೆ, ಎದೆಮೂಳೆ ಮೇಲ್ತುದೀಲಿ ಕಾಲರ್ ಬೋನ್ ಕೂಡೋ ಜಾಗದಲ್ಲಿ. ಮಿಕ್ಕಿದ್ದೆಲ್ಲಾ ಮಾಂಸಖಂಡದ ಹಿಡಿತ, ಸ್ಕ್ಯಾಪುಲಾ ಒಂದಕ್ಕೇ 17 ಮಾಂಸಖಂಡ ಅಂಟ್ಕೊಂಡಿವೆ. ಭಾರ ಹೊತ್ತಾಗ ಆ ತೂಕ ಬೀಳೋದು ಇವುಗಳ ಮೇಲೇನೆ. ಭುಜದ ಗುಂಡು ಕೂರೋ ಬಟ್ಟಲು ಕೂಡ ತೀರಾ ಆಳ ಇಲ್ಲ, ಸೊಂಟದ ಬಟ್ಟಲು ಆಳ. ಅದಕ್ಕೇ ಭುಜ ಎಲ್ಲಾ ದಿಕ್ಕಿಗೂ ತಿರುಗುತ್ತೆ, ಅದಕ್ಕೇ ಬೇರೆ ದೊಡ್ಡ ಕೀಲುಗಳಿಗಿಂತ ಜಾಸ್ತಿ ತಪ್ಪೋದೂ ಅದೇ.

ಮೇಲ್ಗಡೆ ಮೊದಲು ಸಿಗೋದು ಟ್ರೆಪೀಜಿಯಸ್. ತಲೆಬುರುಡೆ ಹಿಂಭಾಗದಿಂದ ಶುರುವಾಗಿ ಎದೆಭಾಗದ 12ನೇ ಬೆನ್ನುಮೂಳೆವರೆಗೂ ಇಳಿದು ಹೆಗಲಿಗೆ ಬಂದು ಸೇರುತ್ತೆ. ಮೇಲಿನ ಭಾಗ ಹೆಗಲನ್ನ ಎತ್ತುತ್ತೆ, ನಡುವಿನದ್ದು ಹಿಂದಕ್ಕೆ ಎಳೆಯುತ್ತೆ, ಕೆಳಗಿನದ್ದು ಇಳಿಸುತ್ತೆ. ಹಮಾಲಿ ಕೆಲಸದೋರಿಗೆ ಮೇಲಿನ ಭಾಗ ಕಲ್ಲಾಗಿರುತ್ತೆ. ಅದರ ಕೆಳಗೆ ಅಡಗಿರೋದು ಲೆವೇಟರ್ ಸ್ಕ್ಯಾಪುಲೆ, ಕತ್ತಿನ ಮೇಲಿನ ನಾಲ್ಕು ಮೂಳೆಯಿಂದ ಬಂದು ಸ್ಕ್ಯಾಪುಲಾದ ಮೇಲಿನ ಒಳಮೂಲೆಗೆ ಸೇರುತ್ತೆ. "ಕತ್ತು ಪಕ್ಕಕ್ಕೆ ತಿರುಗಿಸೋಕೇ ಆಗ್ತಿಲ್ಲ" ಅಂತ ಬರೋರಲ್ಲಿ ಬಹಳ ಸಲ ನೋವಿರೋದು ಆ ಮೂಲೇಲೇ.

ಅಪ್ಪನ್ನ ಕುರ್ಚಿ ಮೇಲೆ ಕೂರಿಸಿ, ಮುಂದೆ ಟೇಬಲ್ ಮೇಲೆ ದಿಂಬು ಹಾಕಿ ಎರಡೂ ಕೈ, ಹಣೆ ಅದರ ಮೇಲೆ ಇಡೋಕೆ ಹೇಳಿ. ತೋಳಿನ ಭಾರ ಟೇಬಲ್ಲಿಗೆ ಬಿದ್ರೆ ಹೆಗಲು ಅರ್ಧ ತಾನೇ ಸಡಿಲ ಆಗುತ್ತೆ. ಅಂಗೈಯಿಂದ ಎಣ್ಣೆ ಸವರಿ ಬಿಸಿ ಬರಿಸಿ, ಆಮೇಲೆ ಟ್ರೆಪೀಜಿಯಸ್ ಮೇಲಿನ ಭಾಗನ ಹೆಬ್ಬೆರಳು ಬೆರಳುಗಳ ಮಧ್ಯೆ ಹಿಡಿದು ಎತ್ತಿ ನಾದಿ, ಕೆಳಕ್ಕೆ ಚುಚ್ಚಿ ಒತ್ತೋದಲ್ಲ. ಆಮೇಲೆ ಒಂದು ಕೈ ಬೆನ್ನ ಹಿಂದೆ ಇಡಿಸಿ, ಸ್ಕ್ಯಾಪುಲಾದ ಒಳಅಂಚು ಎದ್ದು ಕಾಣುತ್ತೆ. ಆ ಅಂಚಿಗೂ ಬೆನ್ನುಮೂಳೆಗೂ ನಡುವೆ ಇರೋದು ರಾಂಬಾಯ್ಡ್ ಮಾಂಸಖಂಡ. ಅಂಚು ಹಿಡ್ಕೊಂಡೇ ಮೇಲಕ್ಕೆ ಹೋದ್ರೆ ಮೂಲೆ ಸಿಗುತ್ತೆ, ಅಲ್ಲಿ ಬೆರಳಿಟ್ಟು ಉಸಿರು ಬಿಡಿಸ್ತಾ ನಿಧಾನಕ್ಕೆ ಒತ್ತಿ ಹಿಡೀರಿ. ಬೆನ್ನುಮೂಳೆ ಮೇಲೆ ನೇರ ಒತ್ತಬೇಡಿ, ಎರಡು ಪಕ್ಕದ ಮಾಂಸದ ಮೇಲೆ ಮಾತ್ರ.

ಕೈ ಎತ್ತೋಕೆ ನೋವು ಅಂದಿದೀರಿ, ಅದು ಬೇರೆ ವಿಷಯ. ಕೈ ತಲೆ ಮೇಲೆ ಪೂರ್ತಿ ಎತ್ತಿದ್ರೆ 180 ಡಿಗ್ರಿ, ಅದರಲ್ಲಿ ಸುಮಾರು 120 ಭುಜದ ಕೀಲಿಂದು, 60 ಸ್ಕ್ಯಾಪುಲಾ ತಿರುಗೋದ್ರಿಂದ. ಸ್ಕ್ಯಾಪುಲಾ ಹಿಡ್ಕೊಂಡಿದ್ರೆ ಅಷ್ಟೂ ಭಾರ ಕೀಲಿನ ಮೇಲೇ ಬೀಳುತ್ತೆ. ಗುಂಡನ್ನ ಬಟ್ಟಲಲ್ಲಿ ಹಿಡಿದಿಡೋದು ನಾಲ್ಕು ಮಾಂಸಖಂಡ, ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್, ನಾಲ್ಕನ್ನೂ ಸೇರಿಸಿ ರೊಟೇಟರ್ ಕಫ್ ಅಂತಾರೆ. ಸುಪ್ರಾಸ್ಪೈನೇಟಸ್ ಟೆಂಡನ್ನು ಹೆಗಲ ತುದಿ ಮೂಳೆ ಕೆಳಗಿನ ಇಕ್ಕಟ್ಟಲ್ಲಿ ಹಾದುಹೋಗುತ್ತೆ, ಎತ್ತಿ ಎತ್ತಿ ಸವೆಯೋದು, ಹರಿಯೋದು ಸಾಮಾನ್ಯವಾಗಿ ಅದೇ. ನೀವು ಅಪ್ಪನ ಕೈ ಹಿಡಿದು ಎತ್ತಿದ್ರೆ ಮೇಲಕ್ಕೆ ಹೋಗುತ್ತೆ, ಅವರಾಗೇ ಎತ್ತೋಕೆ ಆಗಲ್ಲ ಅಂದ್ರೆ ಹರಿದಿರಬಹುದು, ಅದಕ್ಕೆ ಮೂಳೆ ಡಾಕ್ಟ್ರು ಬೇಕು. ನೀವು ಎತ್ತಿದ್ರೂ ಎಲ್ಲಾ ದಿಕ್ಕಿಗೂ ಹೋಗ್ತಾನೇ ಇಲ್ಲ ಅಂದ್ರೆ ಫ್ರೋಜನ್ ಶೋಲ್ಡರ್ ಇರಬಹುದು, ಶುಗರ್ ಇರೋರಿಗೆ ಅದು ಜಾಸ್ತಿ, ಶುಗರ್ ಚೆಕ್ ಮಾಡಿಸಿ.

ಕತ್ತಿನ ಮುಂಭಾಗ, ಗಂಟಲ ಎರಡೂ ಪಕ್ಕ ಕೈ ಹಾಕಲೇಬೇಡಿ. ಅಲ್ಲಿ ಮೆದುಳಿಗೆ ರಕ್ತ ಹೋಗೋ ಕ್ಯಾರೋಟಿಡ್ ಇದೆ, ಒತ್ತಿದ್ರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ಕಂಕುಳ ಒಳಗೂ ಬೇಡ, ಕೈಗೆ ಹೋಗೋ ನರಗಳೆಲ್ಲಾ ಅಲ್ಲೇ ಹಾದುಹೋಗೋದು. ಮುಖ್ಯವಾಗಿ, ಎಡಭುಜ ಎಡಗೈ ನೋವಿನ ಜೊತೆ ಎದೆ ಹಿಂಡಿದಂಗೆ ಆಗಿ ಬೆವರು ಬಂದ್ರೆ ಎಣ್ಣೆ ಬಾಟಲು ಅಲ್ಲೇ ಇಟ್ಟು ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ.

ಕೀಲಿನ ವಿಧಗಳು ಪರೀಕ್ಷೆಗೆ ಬರುತ್ತೆ, ಕೆಲಸಕ್ಕೆ ಏನಾದ್ರೂ ಉಪಯೋಗ ಇದೆಯಾ? ಲಟಿಕೆ ಮುರಿದ್ರೆ ಮೂಳೆ ಸವೆಯುತ್ತೆ ಅಂತಾರಲ್ಲ, ನಿಜವಾ? – ಮಾಲೂರು

ಉಪಯೋಗ ಇದೆ. ಗಿರಾಕಿ ಕೈಕಾಲನ್ನ ನೀವು ಹಿಡಿದು ಆಡಿಸ್ತೀರಲ್ಲ, ಯಾವ ಕೀಲು ಎತ್ತ ಹೋಗುತ್ತೆ ಅಂತ ಗೊತ್ತಿಲ್ದೆ ಆಡಿಸಬಾರದು. ಮೊಣಕೈ, ಕೈಬೆರಳ ಗೆಣ್ಣು ಬಾಗಿಲಿನ ಕೀಲಿನ ಹಾಗೆ ಒಂದೇ ಕಡೆ ಮಡಚುತ್ತೆ. ಮಂಡೀನೂ ಹೆಚ್ಚುಕಮ್ಮಿ ಹಾಗೇ, ಮಡಚಿದಾಗ ಮಾತ್ರ ಸ್ವಲ್ಪ ತಿರುಗುತ್ತೆ, ನೇರ ಇದ್ದಾಗ ಪಾದ ಹಿಡಿದು ತಿರುಚಿದ್ರೆ ಒಳಗಿರೋ ಕಾರ್ಟಿಲೇಜಿಗೆ ಪೆಟ್ಟು. ಭುಜ, ಸೊಂಟ ಗುಂಡು ಬಟ್ಟಲು, ಎಲ್ಲಾ ಕಡೆ ಹೋಗುತ್ತೆ. ಅಂಗೈ ತಿರುಗಿಸೋದು ಮಣಿಕಟ್ಟಲ್ಲಿ ಅಂತ ಜನ ಅಂದ್ಕೊಂಡಿದಾರೆ, ನಿಜಕ್ಕೂ ಮುಂಗೈಯಲ್ಲಿ ರೇಡಿಯಸ್ ಮೂಳೆ ಅಲ್ನಾ ಸುತ್ತ ತಿರುಗೋದು ಅದು. ಕತ್ತು ಎಡಕ್ಕೆ ಬಲಕ್ಕೆ ತಿರುಗೋದ್ರಲ್ಲಿ ಸುಮಾರು ಅರ್ಧ ಮೇಲಿನ ಎರಡೇ ಮೂಳೆ ನಡುವೆ ಆಗುತ್ತೆ.

ಲಟಿಕೆ ಸದ್ದು ಮೂಳೆ ಉಜ್ಜಿದ್ದಲ್ಲ. ಕೀಲೊಳಗೆ ಸೈನೋವಿಯಲ್ ದ್ರವ ಇರುತ್ತೆ, ಎಳೆದಾಗ ಒಳಗಿನ ಒತ್ತಡ ಇಳಿದು ಅದರಲ್ಲಿ ಕರಗಿರೋ ಗ್ಯಾಸ್ ಗುಳ್ಳೆ ಆಗುತ್ತೆ, ಸದ್ದು ಅದರದ್ದು. ಅದೇ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡಲ್ಲ. ಬೆರಳು ಲಟಿಕೆ ಮುರಿಯೋದ್ರಿಂದ ಕೀಲುವಾತ ಬರುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ.

ಆದ್ರೆ ಕತ್ತಿನ ಲಟಿಕೆ ಬೇರೆ. ಕಟಿಂಗ್ ಶಾಪಲ್ಲಿ ಹೆಡ್ ಮಸಾಜ್ ಆದ್ಮೇಲೆ ಗಲ್ಲ ಹಿಡಿದು ಲಟಕ್ ಅನ್ನಿಸ್ತಾರಲ್ಲ, ಅದನ್ನ ಯಾರೂ ಮಾಡಬೇಡಿ, ಮಾಡಿಸ್ಕೋಬೇಡಿ. ಕತ್ತಿನ ಮೂಳೆಗಳ ಪಕ್ಕದಲ್ಲಿರೋ ತೂತುಗಳ ಒಳಗಿಂದ ಮೆದುಳಿಗೆ ರಕ್ತನಾಳ ಹೋಗುತ್ತೆ, ಝಾಡಿಸಿ ತಿರುಗಿಸಿದ್ರೆ ಆ ನಾಳದ ಒಳಪದರ ಸೀಳಿ ಸ್ಟ್ರೋಕ್ ಆಗೋದುಂಟು. ಅಪರೂಪಕ್ಕೆ ಆಗೋದಾದ್ರೂ ವಯಸ್ಸಿನ ಹುಡುಗರಿಗೂ ಆಗುತ್ತೆ.

ಕಬಡ್ಡಿ ಆಡೋರಿಗೆ ಮಸಾಜ್ ಮಾಡಿದ್ರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತೆ ಅಂತ ಕ್ಲಾಸಲ್ಲಿ ಹೇಳಿದ್ರು. – ಕುಣಿಗಲ್

ಲ್ಯಾಕ್ಟಿಕ್ ಆಸಿಡ್ ಅಂದ್ರೆ ಜೋರು ಶ್ರಮ ಮಾಡುವಾಗ ಮಾಂಸಖಂಡದಲ್ಲಿ ಹುಟ್ಟೋದು, ಆಟ ನಿಲ್ಲಿಸಿದ ಮೇಲೆ ಒಂದು ಒಂದೂವರೆ ಗಂಟೇಲಿ ಅದನ್ನ ಮೈಯೇ ಖಾಲಿ ಮಾಡುತ್ತೆ, ಮಾರನೇ ದಿನದ ನೋವು ಅದರದ್ದಲ್ಲ. ರೂಢಿ ಇಲ್ಲದ ಶ್ರಮಕ್ಕೆ ಮಾಂಸಖಂಡದ ಎಳೆಗಳಲ್ಲಿ ಸಣ್ಣ ಸಣ್ಣ ಪೆಟ್ಟಾಗಿರುತ್ತೆ, ನೋವು 24ರಿಂದ 72 ಗಂಟೆ ಹೊತ್ತಿಗೆ ಜೋರಾಗಿ ಆಮೇಲೆ ಇಳಿಯುತ್ತೆ. ಹಗುರ ಮಸಾಜ್ ಆ ನೋವನ್ನ ಸ್ವಲ್ಪ ಕಮ್ಮಿ ಮಾಡುತ್ತೆ, ಅಷ್ಟು ಹೇಳಿದ್ರೆ ಸಾಕು.

ನಮ್ಮೂರು ಶಿಡ್ಲಘಟ್ಟ. ಮನೆ ಹತ್ರ ರೇಷ್ಮೆ ಬಿಚ್ಚಾಣಿಕೆ ಕೆಲಸದ ಹೆಂಗಸರು ದಿನವೆಲ್ಲಾ ನಿಂತು ಸಂಜೆಗೆ ಕಾಲು ಊದಿಸ್ಕೊಂಡು ಬರ್ತಾರೆ, ಮೀನಖಂಡ ಒತ್ತಿಕೊಡು ಅಂತಾರೆ. ಒತ್ತಬಹುದಾ? – ವಿದ್ಯಾರ್ಥಿನಿ

ಬಹುತೇಕ ಜನಕ್ಕೆ ಒತ್ತಬಹುದು, ಆದ್ರೆ ನೋಡದೇ ಕೈ ಹಾಕಬೇಡಮ್ಮ. ಮೀನಖಂಡದಲ್ಲಿ ಮೇಲೆ ಎರಡು ಉಬ್ಬಾಗಿ ಕಾಣೋದು ಗ್ಯಾಸ್ಟ್ರೊಕ್ನೀಮಿಯಸ್, ಕೆಳಗೆ ಚಪ್ಪಟೆಯಾಗಿ ಸೋಲಿಯಸ್, ಎರಡೂ ಸೇರಿ ಹಿಮ್ಮಡಿ ಹಿಂದಿನ ಅಕಿಲಿಸ್ ಟೆಂಡನ್ ಆಗುತ್ತೆ. ಮೊದಲನೇದು ಮಂಡಿ ದಾಟಿ ತೊಡೆಮೂಳೆಗೆ ಸೇರಿದೆ, ಎರಡನೇದು ಮಂಡಿ ಕೆಳಗೇ ನಿಲ್ಲುತ್ತೆ, ಹಾಗಾಗಿ ಮಂಡಿ ಮಡಚಿಸಿ ಪಾದ ಮೇಲಕ್ಕೆ ಬಗ್ಗಿಸಿದ್ರೆ ಸೋಲಿಯಸ್ ಎಳೆತ ಸಿಗುತ್ತೆ, ಮಂಡಿ ನೇರ ಇಟ್ಟು ಬಗ್ಗಿಸಿದ್ರೆ ಮೇಲಿನದಕ್ಕೂ ಸಿಗುತ್ತೆ. ಕಾಲಿನ ರಕ್ತ ಮೇಲಕ್ಕೆ ಹೋಗೋಕೆ ಈ ಮಾಂಸಖಂಡ ಹಿಂಡಬೇಕು, ಒಳಗಿನ ವೆಯ್ನ್‌ಗಳಲ್ಲಿ ಕವಾಟ ಇರೋದ್ರಿಂದ ಏರಿದ ರಕ್ತ ವಾಪಸ್ ಇಳಿಯಲ್ಲ. ರೇಷ್ಮೆ ಬಿಚ್ಚೋ ಬೇಸಿನ್ ಮುಂದೆ ಅಲುಗಾಡದೇ ನಿಂತ್ರೆ ಈ ಹಿಂಡೋದೇ ನಡೆಯಲ್ಲ, ರಕ್ತ ಕೆಳಗೆ ನಿಂತು ಕಾಲು ಭಾರ ಆಗುತ್ತೆ. ಮಧ್ಯೆ ಮಧ್ಯೆ ಹಿಮ್ಮಡಿ ಎತ್ತಿ ಇಳಿಸೋಕೆ ಅವರಿಗೆ ಹೇಳಿಕೊಡು, ನಿನ್ನ ಮಸಾಜಿಗಿಂತ ಅದು ದಿನಾ ಕೆಲಸಕ್ಕೆ ಬರುತ್ತೆ.

ಒತ್ತೋದು ಯಾವಾಗ್ಲೂ ಪಾದದಿಂದ ಮೇಲಕ್ಕೆ, ಹೃದಯದ ಕಡೆಗೆ. ಮಂಡಿ ಹಿಂದಿನ ಗುಳೀಲಿ ಮಾತ್ರ ಬೆರಳು ಒತ್ತಬೇಡ, ರಕ್ತನಾಳ ನರ ಎರಡೂ ಅಲ್ಲಿ ಮೇಲ್ಗಡೆನೇ ಇವೆ. ವೆಯ್ನ್ ಗಂಟುಗಂಟಾಗಿ ನೀಲಿ ಎದ್ದಿದ್ರೆ ಅದರ ಮೇಲೂ ಬೇಡ.

ಈಗ ಮುಖ್ಯವಾದ್ದು. ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡು. ಒಂದೇ ಕಾಲು ಊದಿದೆ, ಮುಟ್ಟಿದ್ರೆ ಬಿಸಿ, ಮೀನಖಂಡ ಒತ್ತಿದ್ರೆ ನೋವು, ಬಣ್ಣ ಕೆಂಪಗೋ ಕಪ್ಪಗೋ ಆಗಿದೆ ಅಂದ್ರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಡೀಪ್ ವೆಯ್ನ್ ಥ್ರಾಂಬೋಸಿಸ್ ಅಂತಾರೆ. ಅದನ್ನ ತಿಕ್ಕಿದ್ರೆ ಹೆಪ್ಪು ಕಳಚ್ಕೊಂಡು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. ಈಚೆಗೆ ಹೆರಿಗೆ ಆದೋರು, ಆಪರೇಷನ್ ಆದೋರು, ಹಾಸಿಗೇಲೇ ಇದ್ದೋರು, ಕೆಲವು ಗರ್ಭನಿರೋಧಕ ಮಾತ್ರೆ ತಗೊಳ್ಳೋರು, ಇವರನ್ನ ಕೇಳಿ ತಿಳ್ಕೊಂಡೇ ಕೈ ಹಾಕಬೇಕು. ಬಾಣಂತಿಗೆ ಎಣ್ಣೆ ನೀರು ಹಾಕೋ ಅಜ್ಜಿಯರಿಗೂ ಇದನ್ನ ಹೇಳು. ಎರಡೂ ಕಾಲು ಊದಿ ಮೇಲುಸಿರು ಬರ್ತಿದ್ರೆ ಅದು ಹೃದಯ ಕಿಡ್ನಿ ವಿಷಯ ಇರಬಹುದು, ಡಾಕ್ಟ್ರ ಹತ್ರ ಕಳಿಸು.

ಮಸಾಜ್ ಮಾಡಿ ಡಿಸ್ಕ್ ಒಳಗೆ ಕೂರಿಸ್ತೀವಿ ಅಂತ ಕೆಲವರು ಬೋರ್ಡ್ ಹಾಕಿದಾರೆ. ಆಗುತ್ತಾ? – ಮಧುಗಿರಿ

ಆಗಲ್ಲ. ಬೆನ್ನುಮೂಳೆಗಳ ನಡುವೆ 23 ಡಿಸ್ಕ್ ಇವೆ, ಮೇಲೆ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿವೆ, ಪೂರ್ತಿ ಜಾರಲ್ಲ. ಹೊರಪದರ ಹರಿದು ಒಳಗಿನ ಮೆತ್ತನೆಯದು ಹೊರಕ್ಕೆ ಬಂದು ನರಕ್ಕೆ ತಗಲುತ್ತೆ. ಅದು ಇರೋ ಆಳಕ್ಕೆ ನಿಮ್ಮ ಹೆಬ್ಬೆರಳು ತಲುಪಲ್ಲ, ಬಹಳ ಜನಕ್ಕೆ ಕೆಲವು ವಾರ ತಿಂಗಳಲ್ಲಿ ತಾನಾಗಿ ಇಳಿಯುತ್ತೆ. ನಿಮ್ಮ ಕೈಲಾಗೋದು ಅದರ ಸುತ್ತ ಬಿಗಿದಿರೋ ಎರೆಕ್ಟರ್ ಸ್ಪೈನೆ, ಕ್ವಾಡ್ರೇಟಸ್ ಲಂಬೋರಮ್ ಅನ್ನೋ ಬೆನ್ನಿನ ಮಾಂಸಖಂಡಗಳನ್ನ ಸಡಿಲ ಮಾಡೋದು. ಎರಡನೇದು ಸೊಂಟದ ಏಣಿನಿಂದ 12ನೇ ಪಕ್ಕೆಲುಬಿಗೆ ಹೋಗುತ್ತೆ, ಅಲ್ಲಿ ಕಿಡ್ನಿ ಹತ್ರ ಇರೋದ್ರಿಂದ ಮುಷ್ಟೀಲಿ ಗುದ್ದೋದು ಬೇಡ, ತೇಲೋ ಪಕ್ಕೆಲುಬಿನ ತುದಿ ಮೇಲೆ ಭಾರ ಹಾಕೋದೂ ಬೇಡ. ತೊಡೆಸಂದು, ಗುದದ ಸುತ್ತ ಸ್ಪರ್ಶ ಗೊತ್ತಾಗ್ತಿಲ್ಲ, ಮೂತ್ರ ಕಟ್ಟಿದೆ ಇಲ್ಲಾ ಗೊತ್ತಿಲ್ದೇ ಹೋಗ್ತಿದೆ ಅಂದ್ರೆ ಅವತ್ತೇ ಆಸ್ಪತ್ರೆ, ಮಾರನೇ ದಿನಕ್ಕೆ ಬಿಡಬೇಡಿ.

ನಮ್ಮಜ್ಜಿಗೆ ಪಾವಗಡದ ಹತ್ರ ಹಳ್ಳಿ. ಬೆನ್ನು ಕತ್ತು ಸೆಟೆದು ಬಾಗೋಕೆ ಆಗಲ್ಲ, ಮಂಡಿ ಬಿಗಿ. ಊರಲ್ಲಿ ಇನ್ನೂ ಸುಮಾರು ಜನ ಹಾಗೇ ಇದಾರೆ. ಎಣ್ಣೆ ಹಾಕಿ ತಿಕ್ಕಿ ಬಗ್ಗಿಸಿದ್ರೆ ಸರಿ ಹೋಗುತ್ತಾ? – ತುಮಕೂರಲ್ಲಿ ಕಲಿಯೋ ವಿದ್ಯಾರ್ಥಿ

ಬಗ್ಗಿಸೋಕೆ ಹೋಗಬೇಡ. ನಿಮ್ಮ ಕಡೆ ಇದು ಫ್ಲೋರೋಸಿಸ್ ಇರೋ ಸಾಧ್ಯತೆ ಇದೆ. ಪಾವಗಡ ಅಷ್ಟೇ ಅಲ್ಲ, ಕೋಲಾರ ಚಿಕ್ಕಬಳ್ಳಾಪುರದ ಕಡೇನೂ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಊರುಗಳಿವೆ, ಇಲ್ಲಿ ಮಸಾಜ್ ಕಲಿಯೋರು ಇದನ್ನ ತಿಳ್ಕೊಂಡಿರಲೇಬೇಕು ಅಂತ ನಾನು ಎಲ್ಲರಿಗೂ ಹೇಳ್ತೀನಿ. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ವರ್ಷಾನುಗಟ್ಟಲೆ ಕುಡಿದ್ರೆ ಫ್ಲೋರೈಡ್ ಮೂಳೆಯೊಳಗೆ ಸೇರ್ತಾ ಹೋಗುತ್ತೆ, ಮೂಳೆ ದಪ್ಪ ಆಗುತ್ತೆ ಆದ್ರೆ ಪೆಡಸಾಗಿ ಸುಲಭಕ್ಕೆ ಮುರಿಯುತ್ತೆ, ಲಿಗಮೆಂಟುಗಳು ಮತ್ತೆ ಟೆಂಡನ್ ಅಂಟಿರೋ ಜಾಗಗಳು ಸುಣ್ಣಗಟ್ಟಿ ಮೂಳೆ ಥರ ಗಟ್ಟಿಯಾಗುತ್ತವೆ. ಮಾಂಸಖಂಡದ ಬಿಗಿಯನ್ನ ಎಣ್ಣೆ ಸಡಿಲಿಸುತ್ತೆ, ಸುಣ್ಣಗಟ್ಟಿದ ಲಿಗಮೆಂಟನ್ನ ಯಾವ ಎಣ್ಣೆಯೂ ಸಡಿಲಿಸಲ್ಲ, ಬಲವಂತ ಮಾಡಿದ್ರೆ ಮೂಳೆ ಮುರಿಯುತ್ತೆ.

ಗುರುತು ಹಿಡಿಯೋಕೆ ಮೂರು ಸುಲಭ ಪರೀಕ್ಷೆ ಇವೆ: ಮಂಡಿ ಬಗ್ಗಿಸದೇ ನೆಲದ ಮೇಲಿನ ನಾಣ್ಯ ಎತ್ತಿಕೊಳ್ಳೋದು, ಗಲ್ಲ ಎದೆಗೆ ತಾಗಿಸೋದು, ಕೈ ಎತ್ತಿ ತಲೆ ಹಿಂದೆ ಮುಟ್ಟೋದು. ಚಿಕ್ಕಂದಿನಿಂದ ಅದೇ ನೀರು ಕುಡಿದೋರ ಹಲ್ಲಿನ ಮೇಲೆ ಕಂದು ಗೆರೆನೂ ಇರುತ್ತೆ. ಇದೆಲ್ಲಾ ಅನುಮಾನಕ್ಕೆ ಮಾತ್ರ, ಖಚಿತ ಆಗೋದು ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ.

ಅಜ್ಜಿಗೆ ಹಗುರವಾಗಿ ಎಣ್ಣೆ ಹಚ್ಚು, ಅಂಗೈ ಅಗಲ ಮಾಡಿ ಸವರು, ಬೆರಳ ತುದಿ ಬೇಡ, ಮೊಣಕೈಯಂತೂ ಬೇಡವೇ ಬೇಡ. ಕತ್ತು ತಿರುಗದೇ ಇರೋದ್ರಿಂದ ಬೋರಲು ಮಲಗಿಸಬೇಡ, ಪಕ್ಕಕ್ಕೆ ಮಲಗಿಸಿ ಮಂಡಿಗಳ ಮಧ್ಯೆ ದಿಂಬು ಕೊಡು, ಆಗಲ್ಲ ಅಂದ್ರೆ ಕುರ್ಚಿ ಮೇಲೇ ಕೂರಿಸು. ಅವರಾಗಿ ಎಷ್ಟು ಆಡಿಸ್ತಾರೋ ಅಷ್ಟೇ ಆಡಿಸಲಿ. ನೀರು ಬದಲಾಯಿಸಿ, ಕುದಿಸಿದ್ರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಆರ್‌ಒ ಘಟಕದ ನೀರು ಇಲ್ಲಾ ಮಳೆನೀರು ಕುಡಿಯೋಕೂ ಅಡುಗೆಗೂ ಎರಡಕ್ಕೂ ಬಳಸಿ, ಮಕ್ಕಳಿರೋ ಮನೇಲಿ ಇವತ್ತಿಂದಲೇ. ಅಜ್ಜಿ ಕಾಲಲ್ಲಿ ಬಲ ಕಮ್ಮಿ ಆಗ್ತಿದೆ, ಜೋಮು ಹಿಡೀತಿದೆ, ನಡಿಗೆ ತಡವರಿಸ್ತಿದೆ ಅಂದ್ರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು, ಮಸಾಜ್ ನಿಲ್ಲಿಸಿ ಜಿಲ್ಲಾಸ್ಪತ್ರೇಲಿ ಮೂಳೆ ಡಾಕ್ಟ್ರಿಗೆ ತೋರಿಸು, ಊರಿನ ನೀರಿನ ವಿಷಯನೂ ಅವರಿಗೆ ಹೇಳು.